ಸಮನ್ವಯ ಶಿಕ್ಷಣದ ಖರ್ಚು ಪೋಷಕರ ತಲೆಗೇಕೆ?

ಮಾನ್ಯ ಸಂಪಾದಕರೇ,

ಶಿಕ್ಷಕ ವೃತ್ತಿಯಿಂದ ಹೊರಬಂದು, ಅಂಗವೈಕಲ್ಯ ಅಥವಾ ಕಲಿಕೆಯ ತೊಡಕು ಇರುವ ಮಕ್ಕಳು ಉಳಿದವರೊಂದಿಗೆ ಒಂದೇ ತರಗತಿಯಲ್ಲಿ ಓದುವ ಸಮನ್ವಯ ಶಿಕ್ಷಣಕ್ಕೆಂದು ಸ್ವಂತ ಸಂಸ್ಥೆ ಕಟ್ಟಿದವರನ್ನು ಪರಿಚಯಿಸುವ ಲೇಖನಗಳು ಈಚೆಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿವೆ. ಅವರ ಶ್ರಮ ಮೆಚ್ಚತಕ್ಕದ್ದೇ. ಆದರೆ ಇಂತಹ ಸಂಸ್ಥೆಗಳ ಸೇವೆಗೆ ಹಣ ಕೊಡುವವರು ಯಾರು, ಅದು ತಲುಪುವುದು ಯಾರನ್ನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕನಾಗಿ ನಿವೃತ್ತನಾದ ನನಗೆ ಉಳಿದೆಲ್ಲಕ್ಕಿಂತ ಅದೇ ಮುಖ್ಯವೆನಿಸುತ್ತದೆ.

ಈ ದಾರಿಯಲ್ಲಿ ಬಹಳ ಹಿಂದೆಯೇ ನಡೆದವರು ಮುಂಬೈನ ಮಿಥು ಅಲೂರ್. ಮಗಳು ಮಾಲಿನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಅಂಗಾಂಗಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದ ಕಾರಣ ಲಂಡನ್ನಿನಲ್ಲಿ ವಿಶೇಷ ಶಿಕ್ಷಣದ ತರಬೇತಿ ಪಡೆದು ಬಂದ ಅವರು, 1972ರಲ್ಲಿ ಮೂವರೇ ಮಕ್ಕಳೊಂದಿಗೆ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾವನ್ನು ಆರಂಭಿಸಿದರು. ಮುಂದೆ ಕೋಲ್ಕತ್ತ, ಚೆನ್ನೈ, ಬೆಂಗಳೂರುಗಳಲ್ಲೂ ಇದೇ ಬಗೆಯ ಸಂಸ್ಥೆಗಳು ತಲೆಯೆತ್ತಿದವು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ತಾವೇ ಕಟ್ಟಿದ ವಿಶೇಷ ಶಾಲೆಯ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸುವ ಕೆಲಸಕ್ಕೆ ಇಳಿದರು. ಸಂಸ್ಥೆಯ ಹೆಸರೂ ಕಾಲಕ್ರಮದಲ್ಲಿ ‘ಅಡಾಪ್ಟ್’ ಎಂದಾಯಿತು. ಬಡ ಮಕ್ಕಳಿಗೆಂದೇ ರೂಪಿಸಿದ ಅಂಗನವಾಡಿ ಯೋಜನೆಯಲ್ಲೇ ಅಂಗವಿಕಲ ಮಕ್ಕಳು ಹೊರಗುಳಿದಿರುವುದನ್ನು ತಮ್ಮ ಡಾಕ್ಟರೇಟ್ ಅಧ್ಯಯನದಲ್ಲಿ ಎತ್ತಿ ತೋರಿಸಿದರು. ಹಣವಿದ್ದವರ ಮಕ್ಕಳಿಗೆ ಒಂದು ಒಳ್ಳೆಯ ಶಾಲೆ ಕಟ್ಟಿ ಸುಮ್ಮನಾಗದೆ ಸರ್ಕಾರದ ಯೋಜನೆಯನ್ನೇ ಪ್ರಶ್ನಿಸಿದ್ದು ಅವರ ಹೆಚ್ಚುಗಾರಿಕೆ.

ಇಂದು ನಮ್ಮ ನಗರಗಳ ಹಲವು ಖಾಸಗಿ ಶಾಲೆಗಳಲ್ಲಿ ನಡೆಯುತ್ತಿರುವುದು ಬೇರೆಯೇ. ಮಗುವಿಗೆ ಆಟಿಸಂ ಇದೆಯೆಂದು ತಿಳಿದೊಡನೆ ‘ಶ್ಯಾಡೋ ಟೀಚರ್’, ಅಂದರೆ ತರಗತಿಯಲ್ಲಿ ಆ ಮಗುವಿನ ಜೊತೆಗೇ ಇದ್ದು ನೆರವಾಗುವ ಶಿಕ್ಷಕಿಯನ್ನು ಇಟ್ಟುಕೊಳ್ಳಿ ಎನ್ನುತ್ತಾರೆ. ಆ ಶಿಕ್ಷಕಿಯ ಸಂಬಳ ಶಾಲೆಯ ಶುಲ್ಕದ ಮೇಲೆ ಪೋಷಕರ ಪಾಲಿಗೆ ಬರುತ್ತದೆ. ಆಕೆ ರಜೆ ಹಾಕಿದ ದಿನ ಮಗುವನ್ನೂ ಕಳುಹಿಸಬೇಡಿ ಎಂದು ಶಾಲೆಯಿಂದ ವಾಟ್ಸ್‌ಆ್ಯಪ್ ಸಂದೇಶ ಬಂದುದನ್ನು ನನ್ನ ಬಂಧುಗಳ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಕೆಲವು ಮಕ್ಕಳಿಗೆ ಅಂತಹ ಜೊತೆಗಾರರು ನಿಜವಾಗಿಯೂ ಬೇಕು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ತರಗತಿಯ ಶಿಕ್ಷಕಿ ಆ ಮಗುವಿನ ಕಡೆ ತಿರುಗಿಯೂ ನೋಡದಿದ್ದರೆ, ಒಂದೇ ಕೋಣೆಯೊಳಗೆ ಇನ್ನೊಂದು ಪ್ರತ್ಯೇಕ ಶಾಲೆ ನಡೆಸಿದಂತಾಯಿತಷ್ಟೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಪಡೆಯುವ ಶಾಲೆಗಳು ಮಾತ್ರವಲ್ಲ, ಕೇವಲ ಮಾನ್ಯತೆ ಪಡೆದ ಶಾಲೆಗಳೂ ತಾರತಮ್ಯವಿಲ್ಲದೆ ಪ್ರವೇಶ ನೀಡಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನಷ್ಟೇ ಹೆಸರಿಸಿದ್ದರೆ ಈಗಿನ ಕಾಯ್ದೆ 21 ಬಗೆಗಳನ್ನು ಹೆಸರಿಸುತ್ತದೆ. ಆಟಿಸಂ, ಡಿಸ್‌ಲೆಕ್ಸಿಯಾ (ಓದು-ಬರಹದ ತೊಡಕು) ಎರಡೂ ಅದರ ವ್ಯಾಪ್ತಿಯಲ್ಲಿವೆ.

ಸರ್ಕಾರಿ ಶಾಲೆಗಳ ಕಷ್ಟ ಇನ್ನೊಂದು ತೆರನದು. ಇಲ್ಲಿ ಮಗುವನ್ನು ಯಾರೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲ, ಆದರೆ ಕಲಿಸುವ ಬಗೆ ಬಲ್ಲವರು ಕಡಿಮೆ. ಬಿಐಇಆರ್‌ಟಿ ಎಂದು ಕರೆಯಲಾಗುವ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ವೈದ್ಯಕೀಯ ತಪಾಸಣಾ ಶಿಬಿರ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ, ಗೃಹಾಧಾರಿತ ಶಿಕ್ಷಣ ಪಡೆಯುವ ಮಕ್ಕಳ ಭೇಟಿ ಎಲ್ಲವೂ ಅವರ ಹೆಗಲ ಮೇಲೆಯೇ. ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಬೋರ್ಡಿನ ಮೇಲೆ ಬರೆದದ್ದನ್ನು ಎಂದೂ ನೇರವಾಗಿ ಬರೆದುಕೊಳ್ಳದೆ ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತಿದ್ದ. ಸೋಮಾರಿ ಎಂಬ ಹೆಸರೂ ಅವನಿಗೆ ಬಿದ್ದಿತ್ತು. ಬಿಐಇಆರ್‌ಟಿ ಆಗಿ ಬಂದವರು ಅವನಿಗೆ ಮಂದದೃಷ್ಟಿ ಇರುವುದನ್ನು ಗುರುತಿಸಿ, ಕಿಟಕಿಯ ಬೆಳಕು ಬೋರ್ಡಿನ ಮೇಲೆ ಬಿದ್ದು ಹೊಳೆಯದ ಕಡೆ ಮುಂದಿನ ಬೆಂಚಿನಲ್ಲಿ ಕೂರಿಸಿದರು. ಬರೆಯುವಾಗ ಬರೆದದ್ದನ್ನು ಗಟ್ಟಿಯಾಗಿ ಓದುತ್ತಾ ಹೋಗಿ ಎಂದು ನಮ್ಮ ಗಣಿತ ಮೇಷ್ಟ್ರಿಗೆ ಹೇಳಿದರು. ಒಂದು ಪೈಸೆಯ ಖರ್ಚಿಲ್ಲದ ಈ ಕ್ರಮದಿಂದ ಇಡೀ ತರಗತಿಗೇ ಅನುಕೂಲವಾಯಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರ) ನೆರವು, ಹೆಚ್ಚುವರಿ ಸಮಯ ಇತ್ಯಾದಿ ರಿಯಾಯಿತಿಗಳಿವೆ, ನಿಜ. ಆದರೆ ಹತ್ತನೇ ತರಗತಿ ಮುಟ್ಟುವ ಮೊದಲೇ ಶಾಲೆ ಬಿಟ್ಟ ಮಗುವಿಗೆ ಅದರಿಂದ ಏನು ಬಂತು?

2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತು ಮಂದಿಗೊಬ್ಬರಂತೆ, ಅದಕ್ಕಿಂತ ಮೇಲಿನ ಹಂತದಲ್ಲಿ ಹದಿನೈದು ಮಂದಿಗೊಬ್ಬರಂತೆ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಹೇಳಿತು. 2025ರ ಮಾರ್ಚಿನಲ್ಲಿ, ಹುದ್ದೆಗಳನ್ನು ಮಂಜೂರು ಮಾಡುವಂತೆ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಯಿತು. ನ್ಯಾಯಾಲಯ ಒಂದೇ ಮಾತನ್ನು ಎರಡು ಸಲ ಹೇಳಬೇಕಾಗಿ ಬಂದರೆ ತಪ್ಪು ಎಲ್ಲಿದೆಯೆಂದು ವಿವರಿಸಬೇಕಾಗಿಲ್ಲ.

ಆದ್ದರಿಂದ ಶಿಕ್ಷಕರಾಗಿದ್ದು ಉದ್ಯಮಿಗಳಾದವರಲ್ಲಿ ನನ್ನ ವಿನಂತಿಯೆಂದರೆ, ತಮ್ಮ ಅನುಭವವನ್ನು ಮಗುವಿಗೊಬ್ಬರಂತೆ ಸಹಾಯಕರನ್ನು ಒದಗಿಸುವುದಕ್ಕಿಂತ ಹೆಚ್ಚಾಗಿ ಸಾಮಾನ್ಯ ಶಿಕ್ಷಕರನ್ನು ಸಜ್ಜುಗೊಳಿಸಲು ಬಳಸಲಿ. ಸರ್ಕಾರವೂ ಜಿಲ್ಲೆಗಳ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಅವರಿಂದ ತರಬೇತಿ ಏರ್ಪಡಿಸಿ, ಅದರ ವೆಚ್ಚವನ್ನು ತಾನೇ ಭರಿಸಲಿ. ಹಾಗೆಂದು ಈ ತರಬೇತಿಯನ್ನೇ ನೆಪ ಮಾಡಿಕೊಂಡು ವಿಶೇಷ ಶಿಕ್ಷಕರ ಕಾಯಂ ನೇಮಕಾತಿಯನ್ನು ಮುಂದೂಡಬಾರದು. ಇನ್ನು ಖಾಸಗಿ ಶಾಲೆಗಳ ಮಾನ್ಯತೆ ನವೀಕರಣದ ವೇಳೆ ಅಗ್ನಿಸುರಕ್ಷತೆ, ಕಟ್ಟಡ ಸುರಕ್ಷತೆಯ ಪ್ರಮಾಣಪತ್ರಗಳನ್ನು ಕೇಳುವ ಶಿಕ್ಷಣ ಇಲಾಖೆಯು, ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಎಷ್ಟು ಮಂದಿ ಇದ್ದಾರೆ, ಅವರಿಗೆಂದು ನೇಮಿಸಿದ ಶಿಕ್ಷಕರಿಗೆ ಸಂಬಳ ಕೊಡುವವರು ಶಾಲೆಯವರೋ ಪೋಷಕರೋ ಎಂಬುದನ್ನೂ ಲಿಖಿತವಾಗಿ ಕೇಳಿ, ಆ ಉತ್ತರಗಳನ್ನು ಬಿಇಒ ಕಚೇರಿಯ ಸೂಚನಾಫಲಕದಲ್ಲಿ ಪ್ರಕಟಿಸಲಿ.

ಇಂತಿ,
ನಿವೃತ್ತ ಮುಖ್ಯ ಶಿಕ್ಷಕ, ಹಾಸನ