ಮತ್ತೆ ಶುರು ಮಾಡಿದ ಮೇಲೆ ಯಾಕಿಷ್ಟು ಸುಸ್ತು? ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಮೆಸೇಜು ಓದಿದೆ. ವರ್ಷಗಟ್ಟಲೆ ಬಿಟ್ಟಿದ್ದ ಸೆರೆಮೋನಿಯಲ್ ಮ್ಯಾಜಿಕ್, ಅಂದರೆ ಪಾಶ್ಚಾತ್ಯರ ವಿಧಿಬದ್ಧ ಮಾಂತ್ರಿಕ ಸಾಧನೆಯನ್ನು ಮತ್ತೆ ಹಿಡಿದಿದ್ದೀಯ, ಸಂತೋಷ. ಆದರೆ ಎರಡು ವಾರ ತುಂಬುವುದರೊಳಗೇ ಮೈಯೆಲ್ಲ ಹಿಂಡಿ ಹಾಕಿದ ಹಾಗಾಗಿದೆ, ಬೆಳಿಗ್ಗೆ ಏಳುವುದಕ್ಕೇ ಆಗುತ್ತಿಲ್ಲ, ‘ಯಾರಾದರೂ ನನ್ನ ಶಕ್ತಿ ಹೀರುತ್ತಿದ್ದಾರಾ’ ಅಂತ ಕೇಳಿದ್ದೀಯ. ಆ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡು ಮಾರಾಯ. ಹಾಗೆ ಅಂದುಕೊಂಡವನು ಮಾಡುವ ಮೊದಲ ಕೆಲಸವೇ ದಿನಕ್ಕೆ ಇನ್ನೆರಡು ಬ್ಯಾನಿಷಿಂಗ್ (ಬೇಡದ ಶಕ್ತಿಗಳನ್ನು ಓಡಿಸುವ ವಿಧಿ) ಸೇರಿಸುವುದು. ಸುಸ್ತು ದುಪ್ಪಟ್ಟಾಗುತ್ತದೆ, ಅನುಮಾನವೂ ಗಟ್ಟಿಯಾಗುತ್ತದೆ. ಬಿಟ್ಟು ಹಿಡಿದವರ ಸುಸ್ತಿಗೆ ಬಹುಪಾಲು ಕಾರಣ ಉಸಿರು, ನಿಲುವು, ಹೊಗೆ, ನಿದ್ದೆ, ಇಲ್ಲವೇ ಸರಿಯಾಗಿ ಮುಚ್ಚದ ರಿಚುಯಲ್. ಇವನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಬಹುದು.

ನೀನು ದಿನಾ ರಾತ್ರಿ ಮಾಡುತ್ತಿರುವುದನ್ನೇ ನೋಡು: ನಾಲ್ಕು ದಿಕ್ಕಿಗೂ ಗಾಳಿಯಲ್ಲಿ ಐದು ಮೂಲೆಯ ನಕ್ಷತ್ರ ಬರೆಯುವ ಪೆಂಟಗ್ರಾಮ್ ಬ್ಯಾನಿಷಿಂಗ್, ಅದರ ಬೆನ್ನಿಗೇ ಆರು ಮೂಲೆಯ ನಕ್ಷತ್ರದ ಹೆಕ್ಸಗ್ರಾಮ್, ಆಮೇಲೆ ತಲೆಯಿಂದ ಪಾದದವರೆಗೆ ಐದು ಕಡೆ ಬೆಳಕನ್ನು ಕಲ್ಪಿಸಿಕೊಂಡು ನಾಮ ಹೇಳುವ ಮಿಡ್ಲ್ ಪಿಲ್ಲರ್, ಕೊನೆಗೆ ಶಿಲುಬೆ ಮತ್ತು ವೃತ್ತ ಬರೆಯುವ ರೋಸ್ ಕ್ರಾಸ್. 1888ರಲ್ಲಿ ಲಂಡನ್ನಿನಲ್ಲಿ ವೆಸ್ಟ್‌ಕಾಟ್, ಮ್ಯಾಥರ್ಸ್, ವುಡ್‌ಮನ್ ಮೂವರೂ ಸೇರಿ ಕಟ್ಟಿದ ಗೋಲ್ಡನ್ ಡಾನ್ ಅನ್ನುವ ಮಾಂತ್ರಿಕ ಸಂಘದಲ್ಲಿ ಹೊಸಬನ ಕೈಗೆ ಕೊಡುತ್ತಿದ್ದದ್ದು ಪೆಂಟಗ್ರಾಮ್ ರಿಚುಯಲ್ ಒಂದನ್ನೇ. ಹೆಕ್ಸಗ್ರಾಮ್ ಮತ್ತು ರೋಸ್ ಕ್ರಾಸ್ ಒಳವರ್ತುಲದ ಪಾಠಗಳು. ಮೆಟ್ಟಿಲು ಹತ್ತಿದ ಮೇಲೆ ಸಿಗುವಂಥವು. ಮಿಡ್ಲ್ ಪಿಲ್ಲರನ್ನು ನಾವೀಗ ಮಾಡುವ ರೂಪಕ್ಕೆ ವಿಸ್ತರಿಸಿದ್ದು ಆ ಸಂಘದ ಪಾಠಗಳನ್ನು ಪ್ರಕಟಿಸಿದ ಲೇಖಕ ಇಸ್ರೇಲ್ ರೆಗಾರ್ಡಿ, ಅದೂ 1938ರಲ್ಲಿ. ಅಂದರೆ ಇಡೀ ಸಿಲಬಸ್ಸನ್ನು ನೀನು ಒಂದೇ ರಾತ್ರಿಗೆ ತುರುಕಿದ್ದೀಯ. ಹಿಂದೆ ಅದು ನಡೆಯುತ್ತಿತ್ತು ಅನ್ನುತ್ತೀಯ, ಸರಿ, ಆಗ ಅಭ್ಯಾಸವಿತ್ತು. ಜಿಮ್ ಬಿಟ್ಟವನು ಮರಳಿ ಬಂದ ದಿನವೇ ಹಳೇ ತೂಕ ಎತ್ತಿದರೆ ಏನಾಗುತ್ತದೋ ಗಮನದ ವಿಷಯದಲ್ಲೂ ಅದೇ ಆಗುತ್ತದೆ. ಬಾಯಿಗೆ ಮಂತ್ರ ನೆನಪಿರುತ್ತದೆ, ನಲವತ್ತು ನಿಮಿಷ ಚಿತ್ರ ಹಿಡಿದಿಡುವ ತ್ರಾಣ ಇರುವುದಿಲ್ಲ.

ಮೊದಲು ಉಸಿರಿನ ಲೆಕ್ಕ ಹಾಕೋಣ. ಪೆಂಟಗ್ರಾಮ್ ರಿಚುಯಲ್ಲಿನಲ್ಲಿ ಮೈಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವ ಕಬಾಲಿಸ್ಟಿಕ್ ಕ್ರಾಸಿನಲ್ಲಿ ಆತೆ, ಮಲ್ಖುತ್, ವೆ-ಗೆಬುರಾ, ವೆ-ಗೆದುಲಾ, ಲೆ-ಓಲಾಮ್ ಆಮೆನ್ ಅಂತ ಐದು ಸಲ ಕಂಪಿಸುತ್ತೀಯ, ಅಂದರೆ ಎದೆ ನಡುಗುವ ಹಾಗೆ ದನಿ ಎಳೆದು ಹೇಳುತ್ತೀಯ. ಆರಂಭಕ್ಕೊಮ್ಮೆ, ಮುಕ್ತಾಯಕ್ಕೊಮ್ಮೆ, ಒಟ್ಟು ಹತ್ತು. ನಾಲ್ಕು ದಿಕ್ಕಿನ ನಾಮಗಳು ನಾಲ್ಕು, ರಫಾಯೆಲ್, ಗೇಬ್ರಿಯೆಲ್, ಮಿಖಾಯೆಲ್, ಔರಿಯೆಲ್ ಅನ್ನುವ ದೇವದೂತರ ಹೆಸರುಗಳು ಇನ್ನು ನಾಲ್ಕು. ಅಲ್ಲಿಗೆ ಹದಿನೆಂಟಾಯಿತು. ಮಿಡ್ಲ್ ಪಿಲ್ಲರಿನ ಐದು ನಾಮಗಳನ್ನು ಮೂರು ಮೂರು ಸಲ ಅಂದರೂ ಹದಿನೈದು. ಎರಡೂ ಸೇರಿ ಮೂವತ್ತಮೂರು ಸಲ ಎದೆ ತುಂಬ ಉಸಿರೆಳೆದು ಪೂರ್ತಿ ಖಾಲಿ ಮಾಡುತ್ತೀಯ, ನಡುವೆ ಬಿಡುವೇ ಇಲ್ಲ. ಹೀಗೆ ಮಾಡಿದಾಗ ರಕ್ತದಲ್ಲಿರುವ ಕಾರ್ಬನ್ ಡೈ ಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಬಿಗಿಯುತ್ತವೆ. ತಲೆ ಹಗುರಾಗುವುದು, ಬೆರಳ ತುದಿ ಜುಂ ಅನ್ನುವುದು, ತುಟಿಯ ಸುತ್ತ ಮರಗಟ್ಟಿದ ಹಾಗಾಗುವುದು, ಆಮೇಲೆ ಧೊಪ್ಪನೆ ಇಳಿಯುವ ಸುಸ್ತು, ಎಲ್ಲ ಅದರಿಂದಲೇ. ಜುಂ ಅಂದದ್ದನ್ನು ‘ಶಕ್ತಿ ಬಂತು’ ಅಂತ ಬರೆದುಕೊಂಡಿರುವವರೂ ಇದ್ದಾರೆ.

ಪರಿಹಾರ ಸುಲಭ. ಉಸಿರನ್ನು ಮುಕ್ಕಾಲು ಪಾಲು ಮಾತ್ರ ತುಂಬಿಕೋ. ನಾಮವನ್ನು ಎಂಟು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡ. ಒಂದು ನಾಮ ಮುಗಿದ ಮೇಲೆ ಮೂಗಿನಲ್ಲಿ ಎರಡು ಮಾಮೂಲಿ ಉಸಿರು ಬಿಟ್ಟು ಮುಂದಿನದಕ್ಕೆ ಹೋಗು. ದನಿ ಜೋರಾಗಿರಬೇಕಿಲ್ಲ, ಎದೆಯ ಮೂಳೆಯ ಮೇಲೆ ಅಂಗೈ ಇಟ್ಟರೆ ಸಣ್ಣ ನಡುಕ ತಿಳಿಯಬೇಕು, ಅಷ್ಟೇ. ಮಾರನೇ ದಿನ ಗಂಟಲು ಕಟ್ಟಿದ್ದರೆ ನೀನು ಕಂಪಿಸಿಲ್ಲ, ಕಿರುಚಿದ್ದೀಯ.

ನಿಲುವಿನ ಬಗ್ಗೆ ಎರಡೇ ಮಾತು. ಮಂಡಿ ಲಾಕ್ ಮಾಡಿಕೊಂಡು ನೆಟ್ಟಗೆ ನಿಂತರೆ ರಕ್ತ ಕಾಲಲ್ಲೇ ನಿಂತು ಕಣ್ಣು ಕತ್ತಲೆ ಬರುತ್ತದೆ, ಆದ್ದರಿಂದ ಮಂಡಿಯನ್ನು ಕೊಂಚ ಸಡಿಲ ಬಿಡು. ಕಠಾರಿ ಭಾರವಾಗಿದ್ದರೆ ಸದ್ಯಕ್ಕೆ ತೋರುಬೆರಳೇ ಸಾಕು, ಯಾಕೆಂದರೆ ಒಂದು ಪೆಂಟಗ್ರಾಮಿನಿಂದ ಇನ್ನೊಂದಕ್ಕೆ ಗೆರೆ ಎಳೆಯುವಾಗ ತೋಳು ಕೆಳಗಿಳಿಯುವ ಹಾಗಿಲ್ಲ, ಅಭ್ಯಾಸ ತಪ್ಪಿದ ಭುಜಕ್ಕೆ ಅದೇ ದೊಡ್ಡ ಕೆಲಸ.

ಇನ್ನು ರಿಚುಯಲ್ಲಿನ ಒಳಗಿನ ಕಾರಣಗಳು. ನನ್ನ ಮೊದಲ ಅನುಮಾನ ಎಂಟರರ್ ಮುದ್ರೆಯ ಮೇಲೆ. ಎಡಗಾಲು ಮುಂದಿಟ್ಟು, ಎರಡೂ ಕೈಗಳನ್ನು ಕಣ್ಣಿನ ಮಟ್ಟಕ್ಕೆ ಮುಂದೆ ಚಾಚುವ ಆ ಮುದ್ರೆ ಒಳಗಿದ್ದದ್ದನ್ನು ಹೊರಗೆ ಎಸೆಯುವುದಕ್ಕೇ ಇರುವುದು. ಅದಕ್ಕೆ ಜೋಡಿ ಮೌನದ ಮುದ್ರೆ: ಎಡಗಾಲನ್ನು ಹಿಂದಕ್ಕೆಳೆದು ನೆಲಕ್ಕೊಮ್ಮೆ ತಟ್ಟಿ, ಎಡಗೈ ತೋರುಬೆರಳನ್ನು ತುಟಿಗಿಡುವುದು. ಎಸೆದ ಹರಿವನ್ನು ಕಡಿಯುವ ಕೆಲಸ ಇದರದ್ದು. ಇವತ್ತು ಅನೇಕರು ಪ್ರತಿ ದಿಕ್ಕಿನಲ್ಲೂ ಎಂಟರರ್ ಮುದ್ರೆ ಹಾಕುತ್ತಾರೆ, ಮೌನದ ಮುದ್ರೆಯನ್ನು ಅವಸರಕ್ಕೆ ನುಂಗಿಬಿಡುತ್ತಾರೆ. ನಾಲ್ಕು ಸಲ ಎಸೆದದ್ದು, ಒಮ್ಮೆಯೂ ಮುಚ್ಚಿಲ್ಲ. ‘ಸೋರಿ ಹೋದ ಹಾಗೆ’ ಅನ್ನುವ ನಿನ್ನ ವರ್ಣನೆ ಇದಕ್ಕೆ ಸರಿಯಾಗಿ ಕೂರುತ್ತದೆ. ಶಕ್ತಿ ಅನ್ನುವುದನ್ನು ನಂಬದವನಿಗೂ ಕಾರಣ ಸಿಗುತ್ತದೆ: ಇಡೀ ದೇಹ, ಗಮನ ಎರಡನ್ನೂ ಬಿಗಿಹಿಡಿದು ಮುಂದಕ್ಕೆ ತಳ್ಳಿ, ಸಡಿಲಿಸುವ ಹೆಜ್ಜೆಯನ್ನೇ ಬಿಟ್ಟರೆ ಬಿಗಿತ ಹಾಸಿಗೆಯವರೆಗೂ ಹಿಂಬಾಲಿಸುತ್ತದೆ. ಒಂದು ತಿಂಗಳು ಎಂಟರರ್ ಬಿಟ್ಟೇ ಮಾಡು. ಪೆಂಟಗ್ರಾಮಿನ ನಡುವಿಗೆ ಬೆರಳು ತೋರಿಸಿ ನಾಮ ಹೇಳಿದರೆ ಸಾಕು.

ಎರಡನೆಯದು, ಗೆರೆಯ ದಿಕ್ಕು. ಭೂಮಿಯ ಬ್ಯಾನಿಷಿಂಗ್ ಪೆಂಟಗ್ರಾಮ್ ನಿನ್ನ ಎಡ ಸೊಂಟದ ಎದುರಿನಿಂದ ಶುರುವಾಗಬೇಕು. ಅಲ್ಲಿಂದ ಹಣೆಯ ಮೇಲಕ್ಕೆ, ಅಲ್ಲಿಂದ ಬಲ ಸೊಂಟ, ಎಡ ಭುಜ, ಬಲ ಭುಜ, ವಾಪಸು ಎಡ ಸೊಂಟ. ನೀನು ಮರೆತದ್ದನ್ನು ವಿಡಿಯೋ ನೋಡಿ ಕಲಿತುಕೊಂಡೆ ಅಂದೆಯಲ್ಲ, ಅಲ್ಲೇ ಎಡವಟ್ಟು. ಕ್ಯಾಮೆರಾಗೆ ಮುಖ ಮಾಡಿ ನಿಂತವನ ಎಡ ಪರದೆಯಲ್ಲಿ ನಿನ್ನ ಬಲ. ಕನ್ನಡಿ ನೋಡಿದ ಹಾಗೆ ನಕಲು ಮಾಡಿದರೆ ಬಲ ಸೊಂಟದಿಂದ ಮೇಲಕ್ಕೆ ಎಳೆಯುತ್ತೀಯ, ಅದು ಅಗ್ನಿಯ ಬ್ಯಾನಿಷಿಂಗ್. ಸಂಪ್ರದಾಯದ ಲೆಕ್ಕದಲ್ಲೇ ನೋಡಿದರೂ ದಿನಾ ನಾಲ್ಕು ದಿಕ್ಕಿಗೂ ನಿಂತು ಬೆಂಕಿಯನ್ನು ಓಡಿಸುವವನಿಗೆ ಹುರುಪು ಎಲ್ಲಿಂದ ಬರಬೇಕು? ಇನ್ನೊಂದು ವಿಷಯ: ಗೋಲ್ಡನ್ ಡಾನಿನ ಹಳೇ ಸೂಚನೆ ಬೆಳಿಗ್ಗೆ ಆವಾಹನೆ, ಸಂಜೆ ಬ್ಯಾನಿಷಿಂಗ್ ಅಂತ ಇದೆ. ಮೇಲಿನ ತುದಿಯಿಂದ ಎಡ ಸೊಂಟಕ್ಕೆ ಇಳಿಸಿದರೆ ಅದೇ ಭೂಮಿಯ ಆವಾಹನೆ. ವಾರಗಟ್ಟಲೆ ಬರೀ ಬ್ಯಾನಿಷಿಂಗ್ ಮಾಡಿದವರು ಮನಸ್ಸು ಚಪ್ಪೆಯಾಯಿತು ಅನ್ನುವುದು ಹೊಸದೇನಲ್ಲ.

ಮಿಡ್ಲ್ ಪಿಲ್ಲರಿನಲ್ಲಿ ತಲೆಯ ಮೇಲಿನ ಬೆಳಕು ಹಿತವಾಗಿರುತ್ತದೆ ಅಂತ ಅಲ್ಲೇ ಕಾಲ ಕಳೆದು, ಪಾದದ ಹತ್ತಿರದ ಕೇಂದ್ರವಾದ ಮಲ್ಖುತ್ತನ್ನು ಒಂದೇ ಉಸಿರಿನಲ್ಲಿ ಮುಗಿಸುವುದು ಎಲ್ಲರೂ ಮಾಡುವ ತಪ್ಪು. ಆಮೇಲೆ ತಲೆ ಗುಂಯ್ ಅನ್ನುತ್ತಿರುತ್ತದೆ, ಕಾಲಲ್ಲಿ ಜೀವ ಇರುವುದಿಲ್ಲ. ಮೇಲೆ ಎಹೆಯೆ ಅನ್ನುವ ನಾಮವನ್ನು ಒಮ್ಮೆ ಹೇಳಿದರೆ ಕೆಳಗೆ ಅದೋನಾಯ್ ಹಾ-ಆರೆತ್ಸ್ ಮೂರು ಸಲ ಹೇಳು. ಉಸಿರು ಬಿಡುತ್ತಾ ಎಡಬದಿಯಲ್ಲಿ ಇಳಿಸಿ, ಎಳೆಯುತ್ತಾ ಬಲಬದಿಯಲ್ಲಿ ಏರಿಸುವ ಸುತ್ತನ್ನು ತಪ್ಪಿಸಬೇಡ. ರೆಗಾರ್ಡಿ ರಿಚುಯಲ್ಲಿಗೆ ಮೊದಲು ಮೈ ಸಡಿಲಿಸುವ ಅಭ್ಯಾಸಕ್ಕೆ ತುಂಬ ಒತ್ತು ಕೊಟ್ಟವರು. ಹತ್ತು ನಿಮಿಷ ಅಂಗಾತ ಮಲಗಿ ಪಾದದಿಂದ ದವಡೆಯವರೆಗೆ ಒಂದೊಂದೇ ಭಾಗ ಸಡಿಲಿಸು. ಒಂದು ಎಚ್ಚರಿಕೆ: ನಿದ್ದೆಯ ಬಾಕಿ ಇದ್ದವನಿಗೆ ಮೈ ಸಡಿಲಾದ ತಕ್ಷಣ ಅಡಗಿದ್ದ ಸುಸ್ತೆಲ್ಲ ಮೇಲೆ ಬರುತ್ತದೆ. ಆಗ ದೂರಬೇಕಾದದ್ದು ಸಾಧನೆಯನ್ನಲ್ಲ, ಹಿಂದಿನ ವಾರದ ರಾತ್ರಿಗಳನ್ನು.

ಧೂಪದ ವಿಷಯ ಗಂಭೀರ, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡ. ಮಲಗುವ ಕೋಣೆಯಲ್ಲೇ ಮಾಡುತ್ತೀಯ, ಅಕ್ಕಪಕ್ಕದವರಿಗೆ ಕೇಳಬಾರದು ಅಂತ ಕಿಟಕಿ ಮುಚ್ಚುತ್ತೀಯ, ಇದ್ದಿಲ ಬಿಲ್ಲೆಯ ಮೇಲೆ ಫ್ರಾಂಕಿನ್ಸೆನ್ಸ್ ಹಾಕುತ್ತೀಯ. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಕೈಕಾಲು ಬಿದ್ದುಹೋಗುವಂಥ ಸುಸ್ತು ಅದರ ಲಕ್ಷಣ, ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ರಿಚುಯಲ್ ಮುಗಿದರೂ ಬಿಲ್ಲೆಯ ಒಳಗೆ ಕೆಂಡ ಬಹಳ ಹೊತ್ತು ಜೀವಂತ ಇರುತ್ತದೆ, ನೀನು ಅದರ ಪಕ್ಕದಲ್ಲೇ ಮಲಗುತ್ತೀಯ. ಕಿಟಕಿ ತೆರೆದಿಡು, ಮುಗಿದ ಕೂಡಲೇ ಮರಳಿನ ಬೋಗುಣಿಯ ಸಮೇತ ಬಾಲ್ಕನಿಗೆ ಸಾಗಿಸು. ಇನ್ನೂ ಒಳ್ಳೆಯದು ಅಂದರೆ ಎರಡು ವಾರ ಧೂಪವನ್ನೇ ಬಿಡು. ಸುಸ್ತಿನ ಜೊತೆ ತಲೆನೋವೂ ಇದ್ದರೆ ಎಲ್ಲಕ್ಕಿಂತ ಮೊದಲು ಇದನ್ನೇ ನಿಲ್ಲಿಸು.

ಗ್ರಹದ ಹೋರೆ ಸಿಗಲಿ ಅಂತ ಶನಿವಾರ ಬೆಳಗಿನ ಜಾವ ಮೂರಕ್ಕೆ ಏಳುತ್ತಿದ್ದೀಯಂತೆ. ಬೇಕಿಲ್ಲ. ಪಾಶ್ಚಾತ್ಯ ಮ್ಯಾಜಿಕ್ಕಿನ ಗ್ರಹಗಳ ಕ್ರಮವೂ ನಮ್ಮ ಪಂಚಾಂಗದ ಹೋರೆಯ ಕ್ರಮವೂ ಒಂದೇ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ಸೂರ್ಯೋದಯದಿಂದ ಎಣಿಸಿದರೆ ವಾರದ ಅಧಿಪತಿಯ ಹೋರೆ ಒಂದು, ಎಂಟು, ಹದಿನೈದು, ಇಪ್ಪತ್ತೆರಡನೆಯದಾಗಿ ಬರುತ್ತದೆ. ಹದಿನೈದನೆಯದು ಅಂದರೆ ಸೂರ್ಯಾಸ್ತದ ನಂತರದ ಮೂರನೇ ಹೋರೆ, ಬೆಂಗಳೂರಿನಲ್ಲಿ ಹೆಚ್ಚುಕಮ್ಮಿ ರಾತ್ರಿ ಎಂಟೂವರೆಯ ಆಸುಪಾಸು. ಅದರಲ್ಲಿ ಮಾಡಿ ಹತ್ತೂವರೆಗೆ ಮಲಗು. ಹಸಿದ ಹೊಟ್ಟೆಯಲ್ಲಿ ಬೇಡ, ಊಟದ ಬೆನ್ನಿಗೂ ಬೇಡ. ಮುಗಿದ ಮೇಲೆ ಮೊಸರನ್ನವೋ, ಉಪ್ಪು ಹಾಕಿದ ಮಜ್ಜಿಗೆ ಜೊತೆ ಎರಡು ಚಪಾತಿಯೋ ತಿನ್ನು, ಕಾಫಿ ಮುಟ್ಟಬೇಡ.

ಇಷ್ಟರಲ್ಲಿ ನಿನ್ನ ಕಾರಣ ಯಾವುದು ಅಂತ ತಿಳಿಯುವುದಕ್ಕೆ ಒಂದು ಉಪಾಯ. ನಾಲ್ಕು ದಿನ ರಿಚುಯಲ್ ಬಿಟ್ಟು, ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ, ಅಷ್ಟೇ ಹೊತ್ತು ನಿಂತು ಪೇಪರನ್ನು ಜೋರಾಗಿ ಓದು. ಆಗಲೂ ಸುಸ್ತಾದರೆ ತಪ್ಪು ಹೊತ್ತಿನದ್ದು, ಇಲ್ಲವೇ ಕೋಣೆಯದ್ದು. ಆಗದಿದ್ದರೆ ಪೆಂಟಗ್ರಾಮ್ ಒಂದನ್ನೇ ನಾಲ್ಕು ದಿನ, ಆಮೇಲೆ ಇನ್ನೊಂದು ಸೇರಿಸಿ ನಾಲ್ಕು ದಿನ. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಡೈರಿಯಲ್ಲಿ ದರ್ಶನಗಳ ವರ್ಣನೆ ಕಡಿಮೆ ಮಾಡಿ, ಹಿಂದಿನ ರಾತ್ರಿಯ ನಿದ್ದೆ ಎಷ್ಟು ಗಂಟೆ, ಏನು ತಿಂದೆ, ಸುಸ್ತು ಹತ್ತರಲ್ಲಿ ಎಷ್ಟು ಅಂತ ನಾಲ್ಕು ಹೊತ್ತು ಬರೆ: ಶುರುವಿಗೆ ಮುಂಚೆ, ಮುಗಿದ ಕೂಡಲೇ, ಒಂದು ಗಂಟೆಯ ನಂತರ, ಬೆಳಿಗ್ಗೆ ಎದ್ದಾಗ. ಮುಗಿದಾಗ ಏಳಿದ್ದು ಗಂಟೆಯೊಳಗೆ ಮೂರಕ್ಕೆ ಇಳಿದರೆ ಅದು ಅಭ್ಯಾಸದ ಸುಸ್ತು, ಹೆದರಬೇಡ. ಬೆಳಿಗ್ಗೆಯೂ ಏಳೇ ಇದ್ದರೆ ಪ್ರಮಾಣ ಅರ್ಧಕ್ಕಿಳಿಸು.

ರಿಚುಯಲ್ ಪೂರ್ತಿ ನಿಲ್ಲಿಸಿ ಎರಡು ವಾರವಾದರೂ ಸುಸ್ತು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸು. ನೀನು ಶುದ್ಧ ಸಸ್ಯಾಹಾರಿ, ಬಿ12 ಅಂತೂ ನೋಡಿಸಲೇಬೇಕು. ನಿದ್ದೆಯೇ ಬೇಡ ಅನಿಸುವುದು, ಆಲೋಚನೆ ಓಡುವುದು, ರಿಚುಯಲ್ಲಿನ ಹೊರಗೂ ದನಿ ಕೇಳುವುದು ಶುರುವಾದರೆ ಸಾಧನೆಯನ್ನು ಅವತ್ತೇ ನಿಲ್ಲಿಸಿ ಮನೋವೈದ್ಯರನ್ನು ಕಾಣು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರೆಗಾರ್ಡಿ ಸ್ವತಃ ಮೈಯ ಬಿಗಿತ ಸಡಿಲಿಸಿ ಮನಸ್ಸಿಗೆ ಚಿಕಿತ್ಸೆ ಕೊಡುವ ರೈಕ್ ಪದ್ಧತಿಯ ಚಿಕಿತ್ಸಕರಾಗಿದ್ದವರು, ಮ್ಯಾಜಿಕ್ಕಿಗೆ ಇಳಿಯುವವರು ಮೊದಲು ಮನೋಚಿಕಿತ್ಸೆ ಪಡೆಯಲಿ ಅಂತ ಹೇಳುತ್ತಿದ್ದವರು.

ಪೆಂಟಗ್ರಾಮ್, ಮಿಡ್ಲ್ ಪಿಲ್ಲರ್ ಎರಡನ್ನೂ ಮಾಡಿ ಮೂರು ವಾರ ಬೆಳಗಿನ ಅಂಕ ಮೂರು ದಾಟದಿದ್ದರೆ ಹೆಕ್ಸಗ್ರಾಮನ್ನು ವಾರಕ್ಕೊಂದು ದಿನ ಸೇರಿಸು, ಭಾನುವಾರ ಆದರೆ ಒಳ್ಳೆಯದು. ರೋಸ್ ಕ್ರಾಸ್ ಆಮೇಲೆ ನೋಡೋಣ. ಡೈರಿಯ ಮೊದಲ ವಾರದ ಪುಟಗಳ ಫೋಟೋ ಕಳಿಸು.

ನಿನ್ನ ಗೆಳೆಯ