ಮೇಕರ್‌ಸ್ಪೇಸ್ ಸೋರುತ್ತಿದೆ: ದಸರೆಯೊಳಗೆ ಮುಂಗಡ ಕೊಡಬೇಕು, ದಯವಿಟ್ಟು ನೆರವಾಗಿ

ಹಳೆಯ ವಿದ್ಯಾರ್ಥಿಗಳೇ, ಪೋಷಕರೇ, ಹಿತೈಷಿಗಳೇ,

ನಮಸ್ಕಾರ. ಜುಲೈ ತಿಂಗಳ ಆ ಮೂರು ದಿನದ ಮಳೆ ಮುಂಬಯಿಯಲ್ಲಿದ್ದವರಿಗೆಲ್ಲ ನೆನಪಿರುತ್ತದೆ. ಲೋಕಲ್ ನಿಂತಿತ್ತು, ಶಾಲೆಗೂ ರಜೆ ಕೊಟ್ಟಿದ್ದೆವು. ನಾಲ್ಕನೇ ದಿನ ಬೆಳಿಗ್ಗೆ ಪ್ಯೂನ್ ಮೂರನೇ ಮಹಡಿಯ ಬೀಗ ತೆಗೆದರೆ ಒಳಗೆ ಹಿಮ್ಮಡಿ ಮುಳುಗುವಷ್ಟು ನೀರು. ಟೆರೇಸಿನ ಪೈಪು ಕಟ್ಟಿಕೊಂಡು, ಸ್ಲ್ಯಾಬಿನ ಬಿರುಕಿನಿಂದ ನೀರೆಲ್ಲ, ಮಕ್ಕಳು ಉಪಕರಣ ಹಿಡಿದು ತಾವೇ ವಸ್ತು ಮಾಡಿ ಕಲಿಯುವ ಮೇಕರ್‌ಸ್ಪೇಸ್ ಒಳಗೇ ಇಳಿದಿತ್ತು. ಪ್ಲೈವುಡ್ ಹಲಗೆಗಳು ಹಪ್ಪಳದ ಹಾಗೆ ಉಬ್ಬಿದ್ದವು. ಡ್ರಿಲ್ ಮೆಷಿನ್ ಕೆಟ್ಟಿತು, ಗರಗಸಗಳಿಗೆ ತುಕ್ಕು ಹಿಡಿಯಿತು. ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ತ್ರೀಡಿ ಪ್ರಿಂಟರ್ ಮಾತ್ರ ಉಳಿಯಿತು. ಹುಡುಗರು ಅದನ್ನು ಕಪಾಟಿನ ಮೇಲಿಟ್ಟು ಪ್ಲಾಸ್ಟಿಕ್ ಹೊದಿಸಿ ಹೋಗಿದ್ದರು. ಅಷ್ಟು ಬುದ್ಧಿ ಸಮಿತಿಯವರಾದ ನಮಗೆ ಹೊಳೆದಿರಲಿಲ್ಲ.

ವಾಟರ್‌ಪ್ರೂಫಿಂಗ್ ಹೋದ ವರ್ಷವೇ ಮಾಡಿಸಿದ್ದೆವು. ಮಾಡಿದವರು ಏಳು ವರ್ಷದ ಗ್ಯಾರಂಟಿ ಬರೆದು ಕೊಟ್ಟಿದ್ದರು. ಈಗ ಫೋನೇ ಎತ್ತುವುದಿಲ್ಲ. ಕಡಿಮೆ ಕೊಟೇಶನ್‌ಗೆ ಮರುಳಾದದ್ದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ನಮ್ಮ ಶಾಲೆಯ ಕಥೆ ನಿಮಗೆ ಹೊಸದಲ್ಲ. ಆದರೂ ಹೇಳದೆ ಇರಲು ನನ್ನಿಂದಾಗುವುದಿಲ್ಲ. ಊರಿಂದ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ ಹುಡುಗರು ರಾತ್ರಿ ಶಟರ್ ಎಳೆದ ಮೇಲೆ ಇಲ್ಲಿ ಬಂದು ಕೂರುತ್ತಿದ್ದರು. ಅವರಲ್ಲಿ ಬ್ಯಾಂಕ್ ಮ್ಯಾನೇಜರ್ ಆದವರಿದ್ದಾರೆ, ಸಿಎ ಆದವರಿದ್ದಾರೆ. ತಾವು ಕಪ್ಪು ತೊಳೆದ ಹೋಟೆಲನ್ನೇ ಕೊಂಡವರೂ ಒಬ್ಬರಿದ್ದಾರೆ. ಹೆಸರು ಹಾಕಿದರೆ ನನಗೆ ಬೈಗುಳ ಗ್ಯಾರಂಟಿ. ಎರಡನೇ ಮಹಡಿ ಎದ್ದದ್ದು ಯಕ್ಷಗಾನದ ಟಿಕೆಟ್ ಮಾರಿದ ದುಡ್ಡಿನಲ್ಲಿ. ಎಸ್ಸೆಸ್ಸಿ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದ ವರ್ಷ ಇಡೀ ಗಲ್ಲಿಗೆ ಮೈಸೂರು ಪಾಕ್ ಹಂಚಿದ್ದೆವು. ಇರಲಿ, ವಿಷಯಕ್ಕೆ ಬರುತ್ತೇನೆ.

ಈಗ ನಮ್ಮಲ್ಲಿ ಓದುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಅಪ್ಪ ಸೈಟಿನಲ್ಲಿ ಕರಣೆ ಹಿಡಿಯುತ್ತಾನೆ, ಅಮ್ಮ ಸಿಮೆಂಟಿನ ಬುಟ್ಟಿ ಹೊರುತ್ತಾಳೆ. ಹತ್ತಡಿ ಹನ್ನೆರಡಡಿ ಖೋಲಿಯಲ್ಲಿ ಆರು ಜನ. ಅಲ್ಲಿ ಒಂದು ಮೊಳೆ ಹೊಡೆದರೂ ಪಕ್ಕದವರು ಜಗಳಕ್ಕೆ ಬರುತ್ತಾರೆ. ಈ ಮಕ್ಕಳಿಗೆ ಏನನ್ನಾದರೂ ಬಿಚ್ಚಿ, ಕೆಡಿಸಿ, ಮತ್ತೆ ಕಟ್ಟಲು ಇರುವ ಜಾಗ ಇದೊಂದೇ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ವಿಷಯ ಹೇಳುತ್ತೇನೆ. ಅವರ ಚಾಳಿನಲ್ಲಿ ನಲ್ಲಿ ನೀರು ಬರುವುದು ಬೆಳಗಿನ ಜಾವ ನಾಲ್ಕೂವರೆಗೆ, ಒಂದೇ ಗಂಟೆ. ಡ್ರಮ್ ತುಂಬುವ ತನಕ ಯಾರಾದರೂ ಎದ್ದು ಕಾಯಬೇಕು. ಕಾಯುತ್ತಿದ್ದವಳು ಇವಳೇ. ಮೊದಲ ಪೀರಿಯಡ್‌ನಲ್ಲಿ ತೂಕಡಿಸಿ ಬೈಸಿಕೊಳ್ಳುತ್ತಿದ್ದಳು. ಹೋದ ವರ್ಷ ಇದೇ ಕೋಣೆಯಲ್ಲಿ ಕೂತು ಒಂದು ಅಲಾರಾಂ ಮಾಡಿದಳು. ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಒಂದು ಪುಟ್ಟ ಟ್ರಾನ್ಸಿಸ್ಟರ್, ಒಂದು ಬಝರ್, 9 ವೋಲ್ಟಿನ ಬ್ಯಾಟರಿ, ಎರಡು ತಂತಿ. ನೀರು ಮೇಲೇರಿ ಎರಡೂ ತಂತಿಯ ತುದಿ ಮುಟ್ಟಿದರೆ ಅಷ್ಟಿಷ್ಟು ಕರೆಂಟು ನೀರಿನಲ್ಲಿ ಹರಿದು ಟ್ರಾನ್ಸಿಸ್ಟರ್ ಆನ್ ಆಗುತ್ತದೆ, ಬಝರ್ ಕೂಗುತ್ತದೆ. ಸಾಮಾನೆಲ್ಲ ಲ್ಯಾಮಿಂಗ್ಟನ್ ರೋಡಿನಿಂದ, ನೂರು ರೂಪಾಯಿಯೊಳಗೆ.

ಒಂದೇ ವಾರಕ್ಕೆ ಅದು ಕೂಗುವುದು ನಿಂತಿತು. ತಾಮ್ರದ ತುದಿ ಹಸಿರು ಕಟ್ಟಿತ್ತು. ಯಾಕೆ ಎಂದು ವಿಜ್ಞಾನದ ಮೇಡಂ ಹೇಳಿಕೊಡಲಿಲ್ಲ, ಪೆನ್ಸಿಲಿನ ಕಡ್ಡಿ ಹಾಕಿ ನೋಡು ಅಂದರು ಅಷ್ಟೇ. ಕಡ್ಡಿ ಹಾಕಿದ ಮೇಲೆ ಮತ್ತೆ ಕೂಗಿತು. ಕರೆಂಟು ಹರಿದಾಗ ನೀರಿನಲ್ಲಿ ತಾಮ್ರ ಸವೆಯುತ್ತದೆ, ಪೆನ್ಸಿಲಿನ ಕಡ್ಡಿ ಹಾಗೆ ಸವೆಯುವುದಿಲ್ಲ. ಪುಸ್ತಕದ ವಿದ್ಯುದ್ವಿಭಜನೆ ಪಾಠ ಇಡೀ ಕ್ಲಾಸಿಗೆ ಅವತ್ತು ಅರ್ಥವಾಯಿತು. ಆಮೇಲೆ ಗಣಿತದ ಸರ್ ಬಂದರು. 200 ಲೀಟರಿನ ಡ್ರಮ್ ತುಂಬಲು ಎಷ್ಟು ನಿಮಿಷ, ಒಂದು ಬಕೆಟ್ ಹಿಡಿದು ಲೆಕ್ಕ ಹಾಕಿ ಅಂದರು. ಕನ್ನಡ ಪಂಡಿತರು ಸುಮ್ನೆ ಬಿಡುತ್ತಾರೆಯೇ? ಓದು ಬಾರದ ಅಜ್ಜಿಗೆ ಓದಿ ಹೇಳಿದರೆ ತಿಳಿಯುವ ಹಾಗೆ ಇದನ್ನು ಬಳಸುವ ಕ್ರಮ ಬರೆಯಿರಿ, ಹತ್ತು ವಾಕ್ಯ ಮೀರಬಾರದು ಎಂದರು. ನಾನು ನೋಡಿದ ಪ್ರಬಂಧಗಳಲ್ಲಿ ಇಷ್ಟು ಚೆನ್ನಾಗಿ ಬರೆದದ್ದು ಕಡಿಮೆ. ಭೂಗೋಳದವರು ರಟ್ಟು ಕತ್ತರಿಸಿ ಒಂದರ ಮೇಲೊಂದು ಅಂಟಿಸಿ ಗುಡ್ಡ ಮಾಡಿಸಿದರು. ಮುಂಬಯಿಗೆ ನೀರು ಕೊಡುವ ವೈತರಣಾ ಅಣೆಕಟ್ಟಿನ ನೀರು ಬಹುಪಾಲು ಇಳಿಜಾರಿನಲ್ಲೇ ಹರಿದು ಭಾಂಡುಪ್‌ವರೆಗೆ ಹೇಗೆ ಬರುತ್ತದೆ ಎಂದು ಮಕ್ಕಳು ಅದರ ಮೇಲೆ ನೀರು ಸುರಿದು ತೋರಿಸಿದರು. ಆ ರಟ್ಟಿನ ಗುಡ್ಡವೂ ಈ ಮಳೆಗೆ ಗಂಜಿಯಾಯಿತು.

"ವಿಜ್ಞಾನದ ಲ್ಯಾಬ್ ಇದೆಯಲ್ವಾ, ಇದು ಯಾಕೆ ಬೇರೆ" ಎಂದು ಸಭೆಯಲ್ಲಿ ಕೇಳಿದ ಹಿರಿಯರಿಗೆ ನಾನು ಹೇಳಿದ್ದು ಈ ಡ್ರಮ್ಮಿನ ಕಥೆಯನ್ನೇ.

ಇದು ನಮ್ಮ ತಲೆಯಲ್ಲಿ ಹುಟ್ಟಿದ್ದೇನಲ್ಲ. ಪುಣೆ ಜಿಲ್ಲೆಯ ಪಾಬಳ್‌ನಲ್ಲಿ ಡಾ. ಎಸ್. ಎಸ್. ಕಲ್‌ಬಾಗ್ ಅವರು 1983ರಲ್ಲೇ ವಿಜ್ಞಾನ ಆಶ್ರಮ ಕಟ್ಟಿ, ಹಳ್ಳಿ ಮಕ್ಕಳಿಗೆ ಕೆಲಸ ಮಾಡಿಸುತ್ತಲೇ ಪಾಠ ಕಲಿಸಿದರು. ನಮ್ಮ ಶಿಕ್ಷಕರು ಹೋಗಿ ನೋಡಿ ಬಂದ ಮೇಲೆಯೇ ಈ ಕೋಣೆ ಶುರುವಾದದ್ದು. ಶಾಲೆಗಳಲ್ಲಿ ಇಂಥದೇ ಕೋಣೆ ಮಾಡಲು ದುಡ್ಡು ಕೊಡುವ ಸರಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಗೆ ಅರ್ಜಿ ಯಾಕೆ ಹಾಕಲಿಲ್ಲ ಎಂದು ಕೆಲವರು ಕೇಳುತ್ತೀರಿ. ಅದರಲ್ಲಿ 20 ಲಕ್ಷದವರೆಗೆ ಅನುದಾನ ಇತ್ತು ನಿಜ. ಆದರೆ 1500 ಚದರಡಿ ಜಾಗ ಕೇಳುತ್ತಿದ್ದರು. ನಮ್ಮ ಕೋಣೆ 600 ಚದರಡಿ. ಮುಂಬಯಿಯಲ್ಲಿ ಉಳಿದ 900 ಎಲ್ಲಿಂದ ತರೋಣ?

ಖರ್ಚು ಒಟ್ಟು ಸುಮಾರು 11 ಲಕ್ಷ ಎಂದು ಅಂದಾಜು. ಅರ್ಧಕ್ಕಿಂತ ಜಾಸ್ತಿ ಟೆರೇಸಿಗೇ ಹೋಗುತ್ತದೆ. ಮಿಕ್ಕದ್ದು ವೈರಿಂಗ್, ಉಪಕರಣ, ಮತ್ತು ಕೈಕೆಲಸ ಕಲಿಸುವವರೊಬ್ಬರಿಗೆ ಒಂದು ವರ್ಷದ ಸಂಬಳ. ಕೈಯಲ್ಲಿ 3 ಲಕ್ಷ ಚಿಲ್ಲರೆ ಇದೆ. ಕೆಲಸ ದೀಪಾವಳಿ ರಜೆಯಲ್ಲೇ ಮುಗಿಯಬೇಕು. ಆ ಹೊತ್ತಿಗೆ ಕೂಲಿಯವರು ಹಬ್ಬಕ್ಕೆ ಊರಿಗೆ ಹೊರಡುತ್ತಾರೆ, ಹಾಗಾಗಿ ದಸರೆಯೊಳಗೆ ಮುಂಗಡ ಕೊಟ್ಟವರಿಗೇ ಆಳು ಸಿಗುವುದು. ಈ ಸಲ ಮೂರು ಕಡೆ ಕೊಟೇಶನ್ ತರಿಸಿದ್ದೇವೆ, ಕಚೇರಿಗೆ ಬಂದು ನೋಡಬಹುದು.

ಚೆಕ್ ಶಾಲೆಯ ಟ್ರಸ್ಟ್ ಹೆಸರಿಗೇ ಬರೆಯಿರಿ, ಪ್ಯಾನ್ ನಂಬರ್ ಜೊತೆಗಿರಲಿ. ಆದಾಯ ತೆರಿಗೆ ವಿನಾಯಿತಿಗೆ ಬೇಕಾದ 80ಜಿ ರಸೀದಿ ಕೊಡುತ್ತೇವೆ. 2000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿ ಸಿಗುವುದಿಲ್ಲ. ದುಬೈ, ಮಸ್ಕತ್‌ನಲ್ಲಿರುವ ನಮ್ಮ ಹುಡುಗರು ಭಾರತದ ಪಾಸ್‌ಪೋರ್ಟ್ ಇದ್ದರೆ ಧಾರಾಳವಾಗಿ ಕಳಿಸಬಹುದು. ವಿದೇಶಿ ಪೌರತ್ವ ಪಡೆದವರು ಮಾತ್ರ ಕಳಿಸಬೇಡಿ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿ ನಮಗೆ ಇಲ್ಲ.

ದುಡ್ಡು ಕೊಡಲಾಗದಿದ್ದರೆ ಮನೆಯಲ್ಲಿ ಮೂಲೆಗೆ ಬಿದ್ದ ಉಳಿ, ಕೀಸುಳಿ, ಇಕ್ಕಳ, ಹೊಲಿಗೆ ಮೆಷಿನ್ ಏನಿದ್ದರೂ ತನ್ನಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ತುಕ್ಕು ಬಿಡಿಸುವುದನ್ನು ಎಂಟನೇ ಕ್ಲಾಸಿನವರು ಈಗಾಗಲೇ ಕಲಿತಿದ್ದಾರೆ. ಭಾನುವಾರ ಬಿಟ್ಟು ಎಲ್ಲ ದಿನ ಸಂಜೆ ಏಳರವರೆಗೆ ನಾನು ಶಾಲೆಯ ಕಚೇರಿಯಲ್ಲಿರುತ್ತೇನೆ.

ಇಂತು ನಿಮ್ಮ,
ಗೌರವ ಕಾರ್ಯದರ್ಶಿ
(ಆಡಳಿತ ಸಮಿತಿಯ ಪರವಾಗಿ)