ಅಪ್ಪನ ಕಾಲಿನ ಗಾಯ: ಗ್ಲಾಸ್ಟರ್‌ಶೈರಿನಿಂದ ಅಕ್ಕನಿಗೆ ಪತ್ರ

ಗ್ಲಾಸ್ಟರ್‌ಶೈರ್, ಇಂಗ್ಲೆಂಡ್
ಆಗಸ್ಟ್ ತಿಂಗಳ ಕೊನೆಯ ಭಾನುವಾರ

ಪ್ರೀತಿಯ ಅಕ್ಕನಿಗೆ ಶುಭಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಅಮ್ಮ, ಭಾವ, ಪುಟ್ಟಿ ಎಲ್ಲರೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ.

ನಿನ್ನ ಪತ್ರ ತಲುಪಿತು. ಬೇಸಿಗೆ ಶುರುವಾದಾಗಿನಿಂದ ನನ್ನಿಂದ ಒಂದು ಸಾಲೂ ಬಂದಿಲ್ಲವೆಂದು ಅಮ್ಮ ಕೊರಗುತ್ತಿರುವುದಾಗಿ ಬರೆದಿದ್ದೀಯ. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದು ನೀವೆಲ್ಲ ಒಳಗೆ ಸೇರುವ ತಿಂಗಳುಗಳೇ ಕುದುರೆ ಸವಾರಿ ಕಲಿಸುವ ನಮಗೆ ಇಲ್ಲಿ ಸುಗ್ಗಿಯ ಕಾಲ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಬೆಳಕಿರುವಷ್ಟು ಹೊತ್ತೂ ಜನ ಬರುತ್ತಲೇ ಇರುತ್ತಾರೆ. ಜುಲೈ ಕೊನೆಗೆ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ಪೋನಿ ಕ್ಲಬ್ಬಿನ ಶಿಬಿರಗಳು ಆರಂಭವಾಗುತ್ತವೆ. 1929ರಿಂದ ನಡೆದುಕೊಂಡು ಬಂದಿರುವ ಈ ಕ್ಲಬ್ಬಿನ ಶಿಬಿರಕ್ಕೆ ಮಕ್ಕಳು ತಮ್ಮ ತಮ್ಮ ಕುದುರೆಗಳೊಂದಿಗೆ ಬರುತ್ತಾರೆ. ಎಷ್ಟೇ ಅನುಕೂಲಸ್ಥರ ಮನೆಯ ಮಗುವಾದರೂ ಬೆಳಿಗ್ಗೆ ಎದ್ದು ತಾನೇ ಲದ್ದಿ ಬಾಚಿ, ಲಾಯ ಗುಡಿಸಿ, ಗೊರಸು ಕೆರೆದು, ಜೀನು ಒರೆಸಿದ ಮೇಲೆಯೇ ಕುದುರೆ ಹತ್ತಬೇಕು. ಕೆಲಸದಾಳನ್ನು ಕರೆಯುವ ಪದ್ಧತಿಯೇ ಇಲ್ಲ. ರಾಘು ಮಾವ ನನ್ನದು ಕುದುರೆ ಕಾಯುವ ಉದ್ಯೋಗವೆಂದು ಮತ್ತೆ ಹೇಳಿದರೆ, ಇದನ್ನು ಅವರಿಗೆ ಓದಿ ಹೇಳು. ಬ್ರಿಟಿಷ್ ಹಾರ್ಸ್ ಸೊಸೈಟಿಯ ಪರೀಕ್ಷೆಗಳನ್ನು ಪಾಸು ಮಾಡಿ ಪಡೆದ ಉದ್ಯೋಗ ಇದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಕುದುರೆ ಏರಿ ಇಪ್ಪತ್ತಮೂರನೆಯ ಸ್ಥಾನ ಪಡೆದ ಫವಾದ್ ಮಿರ್ಜಾ ನಮ್ಮ ಬೆಂಗಳೂರಿನವರೇ ಎಂಬುದನ್ನೂ ಹೇಳು.

ಇದನ್ನೆಲ್ಲ ವಿಸ್ತಾರವಾಗಿ ಬರೆಯುವ ಮನಸ್ಸು ಈಗ ಇಲ್ಲ. ನಿನ್ನ ಪತ್ರದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಿದ ಲೆಕ್ಕ, ಮೈಲುತುತ್ತದ ದರ, ಮರ ಹತ್ತುವ ಕೊನೆಗೌಡರ ಕೂಲಿ ಇವುಗಳ ನಡುವೆ, ಅಪ್ಪನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಗಾಯವಾಗಿದೆ, ಜಗಲಿಯ ಮೇಲೆ ರಕ್ತದ ಕಲೆ ಕಂಡ ಮೇಲಷ್ಟೇ ಗೊತ್ತಾಯಿತು, ಅವರಿಗೆ ನೋವೇನೂ ಇಲ್ಲವಾದ್ದರಿಂದ ಗಾಬರಿಯಾಗಬೇಡ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಓದಿದ ಮೇಲೆ ನನಗೆ ಬೇರೆ ಯಾವುದರಲ್ಲೂ ಮನಸ್ಸು ನಿಂತಿಲ್ಲ. ಅಕ್ಕ, ನೋವಿಲ್ಲ ಎಂಬುದಕ್ಕೇ ನನಗೆ ಭಯವಾಗುತ್ತಿದೆ. ಇಷ್ಟು ವರ್ಷ ಸಕ್ಕರೆ ಕಾಯಿಲೆ ಇರುವವರ ಪಾದದ ನರಗಳು ಸೊರಗಿ ಸ್ಪರ್ಶಜ್ಞಾನ ಕಡಿಮೆಯಾಗುತ್ತದೆ; ಮುಳ್ಳು ಚುಚ್ಚಿದರೂ, ಉಂಬಳ ಕಚ್ಚಿದರೂ, ಬಿಸಿನೀರು ಸುಟ್ಟರೂ ತಿಳಿಯುವುದಿಲ್ಲ. ನೋಯದ ಕಾಲನ್ನು ಊರಿಕೊಂಡು ಅವರು ತೋಟಕ್ಕೆ ಹೋಗಿ ಬರುತ್ತಿದ್ದರೆ, ಪ್ರತಿ ಹೆಜ್ಜೆಗೂ ಗಾಯ ಒಳಗೊಳಗೇ ಆಳವಾಗುತ್ತದೆ. ರಕ್ತ ಸಂಚಾರವೂ ಕುಗ್ಗಿದ್ದರೆ ಮಾಯುವುದು ನಿಧಾನ, ಸೋಂಕು ಮೂಳೆಗೆ ಇಳಿಯುವುದು ಬೇಗ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ಬೇಸಿಗೆಯುದ್ದಕ್ಕೂ ನಾನು ಕಾಲುಗಳನ್ನೇ ನೋಡುತ್ತಾ ಬಂದಿದ್ದೇನೆ. ಇಲ್ಲಿನ ಪೋನಿ ಎಂಬ ಸಣ್ಣ ಜಾತಿಯ ಕುದುರೆಗಳಿಗೆ ಲ್ಯಾಮಿನೈಟಿಸ್ ಎಂಬ ಗೊರಸಿನ ಕಾಯಿಲೆ ಬರುತ್ತದೆ. ಅದಕ್ಕೆ ಬಹುಪಾಲು ಕಾರಣ ರಕ್ತದಲ್ಲಿ ಇನ್ಸುಲಿನ್ ಅಂಶ ಏರುವುದು ಎಂದು ಪಶುವೈದ್ಯರು ನಮಗೆ ಕಲಿಸಿದ್ದಾರೆ. ಹಸಿರು ಹುಲ್ಲಿನಲ್ಲಿರುವ ಸಕ್ಕರೆ ಹೆಚ್ಚಾಗಿ ಹೊಟ್ಟೆ ಸೇರಿದರೆ, ಗೊರಸನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಸಡಿಲವಾಗಿ, ಮೂಳೆಯೇ ಜಾರುವುದುಂಟು. ಆದ್ದರಿಂದ ಇಲ್ಲಿ ಎದೆಮಟ್ಟ ಹುಲ್ಲು ಬೆಳೆದಿದ್ದರೂ ಪೋನಿಗಳನ್ನು ಹೊಟ್ಟೆತುಂಬ ಮೇಯಲು ಬಿಡುವುದಿಲ್ಲ, ಕಣದಲ್ಲಿ ತುಳಿಸುವ ಎತ್ತಿಗೆ ಕುಕ್ಕೆ ಕಟ್ಟುವಂತೆ ಅವುಗಳ ಬಾಯಿಗೂ ಕುಕ್ಕೆ ಕಟ್ಟುತ್ತೇವೆ. ಒಣಹುಲ್ಲನ್ನು ಸಹ ನೀರಿನಲ್ಲಿ ನೆನೆಸಿ, ಸಕ್ಕರೆ ಇಳಿದ ನೀರನ್ನು ಚೆಲ್ಲಿ, ಆಮೇಲೆ ಕೊಡುತ್ತೇವೆ. ಮೇವು ತರಲು ಗುಡ್ಡ ಹತ್ತಿ ಇಳಿಯುವ ಅಮ್ಮನಿಗೆ ಇದನ್ನು ಕೇಳಿದರೆ ನಗು ಬಂದೀತು, ಆದರೆ ಇಲ್ಲಿ ಇದು ನಿತ್ಯದ ಶಿಸ್ತು.

ನಮ್ಮ ಲಾಯದಲ್ಲಿ ಟಾಫಿ ಎಂಬ ಕಂದು ಬಣ್ಣದ ಮುದಿ ಪೋನಿ ಇದೆ. ಜುಲೈನಲ್ಲಿ ಒಂದು ಬೆಳಿಗ್ಗೆ ಅದು ಮುಂಗಾಲುಗಳನ್ನು ಮುಂದೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಮೇವು ಬಿಟ್ಟಿರಲಿಲ್ಲ, ಕುಂಟುತ್ತಲೂ ಇರಲಿಲ್ಲ. ಗೊರಸಿನ ಮೇಲೆ ಅಂಗೈ ಇಟ್ಟಾಗ ಬಿಸಿ ತಿಳಿಯಿತು, ಮೇಲಿನ ಗಿಣ್ಣಿನ ಹಿಂಭಾಗದಲ್ಲಿ ಬೆರಳಿಟ್ಟಾಗ ನಾಡಿ ಜೋರಾಗಿ ಬಡಿಯುತ್ತಿತ್ತು. ಅಂದೇ ವೈದ್ಯರು ಬಂದರು, ಕಾಲಿಗೆ ಭಾರ ಬೀಳದಂತೆ ದಪ್ಪನೆಯ ಹಾಸು ಹಾಸಿ ಲಾಯದಲ್ಲೇ ನಿಲ್ಲಿಸಿದೆವು, ಲಾಳ ಕಟ್ಟುವವರು ಬಂದು ಗೊರಸು ಸರಿಪಡಿಸಿದರು. ಈಗ ಅದು ನಿಧಾನವಾಗಿ ನಡೆದಾಡುತ್ತಿದೆ. ದಿನವೂ ಬೆಳಿಗ್ಗೆ ಕಾಲೆತ್ತಿ ನೋಡುವ ಕ್ರಮ ಇಲ್ಲದಿದ್ದರೆ ಆ ಪೋನಿಯನ್ನು ಉಳಿಸಿಕೊಳ್ಳಲಾಗುತ್ತಿರಲಿಲ್ಲ ಎಂದು ವೈದ್ಯರೇ ಹೇಳಿದರು. ಮನುಷ್ಯರ ಕಾಯಿಲೆಯೂ ಕುದುರೆಯ ಕಾಯಿಲೆಯೂ ಒಂದೇ ಅಲ್ಲವೆಂದು ನನಗೆ ಗೊತ್ತಿದೆ. ಆದರೆ ಒಂದು ಪೋನಿಯ ಕಾಲಿಗೆ ಇಷ್ಟು ಆರೈಕೆ ನಡೆಯುವುದನ್ನು ದಿನವೂ ಕಣ್ಣಾರೆ ನೋಡುತ್ತಿರುವ ನನಗೆ, ನಮ್ಮ ಅಪ್ಪನ ಪಾದವನ್ನು ಯಾರೂ ಎತ್ತಿ ನೋಡಲಿಲ್ಲವೆಂಬುದನ್ನು ಸಹಿಸಲಾಗುತ್ತಿಲ್ಲ. ಇದು ನಿನ್ನ ಮೇಲಿನ ದೂರಲ್ಲ. ಅವರು ಯಾರಿಗೂ ಕಾಲು ಮುಟ್ಟಗೊಡುವವರಲ್ಲ ಎಂದು ನನಗೂ ತಿಳಿದಿದೆ.

ಆದ್ದರಿಂದ ದಯವಿಟ್ಟು ಈ ವಾರವೇ, ಸಾಧ್ಯವಾದರೆ ನಾಳೆಯೇ, ಭಾವನ ಜೊತೆ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗು. ಬರೀ ಸಕ್ಕರೆ ನೋಡಿ ಮಾತ್ರೆ ಬದಲಿಸಿ ಕಳುಹಿಸಿದರೆ ಸಾಲದು. ತೆಳುವಾದ ನೈಲಾನ್ ಎಳೆಯನ್ನು ಪಾದದ ಬೇರೆ ಬೇರೆ ಕಡೆ ಒತ್ತಿ ಸ್ಪರ್ಶಜ್ಞಾನ ನೋಡುವ ಪರೀಕ್ಷೆ, ಪಾದದ ನಾಡಿಯ ಪರೀಕ್ಷೆ, ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ, ಅಗತ್ಯವೆಂದರೆ ಒಂದು ಎಕ್ಸ್‌ರೇ, ಇವಿಷ್ಟನ್ನೂ ನೀನೇ ಬಾಯಿಬಿಟ್ಟು ಕೇಳು. ಗಾಯದ ಮೇಲೆ ಭಾರ ಬೀಳದಂತೆ ಯಾವ ಪಾದರಕ್ಷೆ ಹಾಕಬೇಕೆಂದೂ ಕೇಳು, ಏಕೆಂದರೆ ಎಷ್ಟು ಒಳ್ಳೆಯ ಔಷಧಿ ಕೊಟ್ಟರೂ ಆ ಜಾಗವನ್ನು ಊರಿಕೊಂಡೇ ನಡೆದರೆ ಮಾಯುವುದಿಲ್ಲ. ಸುತ್ತಲೂ ಕೆಂಪೇರಿದರೆ, ಊದಿಕೊಂಡರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ ಅಥವಾ ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆ ಕ್ಷಣವೇ ಹೊರಡಬೇಕು.

ಮನೆಯಲ್ಲಿ ಅಮ್ಮ ಉಪ್ಪುನೀರು ಬಿಸಿ ಮಾಡಿ ಕಾಲಿಗೆ ಶಾಖ ಕೊಡುವುದನ್ನು ನಿಲ್ಲಿಸಲಿ. ಅದು ಪ್ರೀತಿಯಿಂದ ಮಾಡುವುದೇ ಹೌದು, ಆದರೆ ಬಿಸಿ ತಿಳಿಯದ ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ. ಅರಿಶಿನ ಮೆತ್ತಿ ಬಟ್ಟೆ ಕಟ್ಟುವುದೂ, ಆಣಿಯನ್ನು ಬ್ಲೇಡಿನಿಂದ ಹೆರೆಯುವುದೂ ಬೇಡ. ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಬೇಕು, ಈ ಮಳೆಗಾಲದಲ್ಲಂತೂ ಅಲ್ಲಿ ಒದ್ದೆ ನಿಲ್ಲಲೇಬಾರದು. ರಾತ್ರಿ ಊಟವಾದ ಮೇಲೆ ದೀಪದ ಕೆಳಗೆ ಎರಡೂ ಅಂಗಾಲುಗಳನ್ನು ನೀನು ನೋಡು. ನೀನಿಲ್ಲದ ದಿನ ಪುಟ್ಟಿ ನೋಡಲಿ, ಮೊಮ್ಮಗಳಿಗೆ ಅವರು ಬೇಡವೆನ್ನುವುದಿಲ್ಲ. ಒಂದು ಫೋಟೋ ತೆಗೆದು ನನಗೆ ಕಳುಹಿಸಿದರೆ ನಾನೂ ನೋಡುತ್ತೇನೆ. ಚಪ್ಪಲಿಯಿಲ್ಲದೆ ಅಂಗಳಕ್ಕೂ ಇಳಿಯಕೂಡದು, ಗಾಯ ಮಾಯುವ ತನಕ ತೋಟದ ಮಾತೇ ಬೇಡ. ಎರಡನೆಯ ಸಲ ಕೊಳೆಗೆ ಬೋರ್ಡೋ ಔಷಧಿ ಹೊಡೆಸುವಾಗ ತಾವೇ ಮುಂದೆ ನಿಲ್ಲಬೇಕೆಂದು ಅವರು ಹಟ ಹಿಡಿಯುತ್ತಾರೆ. ಆಗ, ಕೊಳೆ ಬಂದು ಒಂದು ವರ್ಷದ ಅಡಿಕೆ ಹೋದರೂ ಚಿಂತೆಯಿಲ್ಲ, ನೀವು ಜಗಲಿಯ ಮೇಲೆ ಕುಳಿತಿರಬೇಕು ಎಂದು ಶುಭಾ ಬರೆದಿದ್ದಾಳೆಂದು ಓದಿ ಹೇಳು. ಫೋನಿನಲ್ಲಿ ಕೇಳಿದರೆ ಅವರು ಮಳೆಯ ಮಾತು ತೆಗೆದು ಜಾರಿಕೊಳ್ಳುತ್ತಾರೆ, ಅದಕ್ಕೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹಣದ ಯೋಚನೆ ಸ್ವಲ್ಪವೂ ಬೇಡ. ಬೇಸಿಗೆಯ ಹೆಚ್ಚಿನ ದುಡಿಮೆಯ ಹಣ ಕೈಯಲ್ಲಿದೆ, ನಿನ್ನ ಖಾತೆಗೆ ಈಗಾಗಲೇ ಹಾಕಿದ್ದೇನೆ. ಖರ್ಚಿಗೆಂದು ಅಡಿಕೆಯನ್ನು ಅರ್ಧ ಬೆಲೆಗೆ ಮಾರಿಬಿಡಬೇಡಿ. ಶಿವಮೊಗ್ಗದ ವೈದ್ಯರು ಬೆಂಗಳೂರಿಗೆ ಹೋಗಿ ಎಂದರೆ ಹೋಗಿ, ಕಾರು ಮಾಡಿಸಿಕೊಂಡೇ ಹೋಗಿ. ನಾನು ಬರಬೇಕೆಂದರೆ ಒಂದು ಮಾತು ಹೇಳು, ಶಾಲೆಗಳು ತೆರೆದ ಮೇಲೆ ಇಲ್ಲಿ ರಜೆ ಸಿಗುವುದು ಕಷ್ಟವಲ್ಲ. ಸಾಗರದ ಕಡೆಯ ಸಂಬಂಧದ ವಿಷಯವನ್ನು ಅಮ್ಮ ಸದ್ಯಕ್ಕೆ ಬದಿಗಿಡಲಿ, ದೀಪಾವಳಿಗೆ ಬಂದಾಗ ಕುಳಿತು ಮಾತನಾಡೋಣ.

ನನ್ನ ಬಗ್ಗೆ ಅಮ್ಮನಿಗೆ ಖಂಡಿತ ಚಿಂತೆ ಬೇಡ. ಹೆಲ್ಮೆಟ್ ಇಲ್ಲದೆ ಇಲ್ಲಿ ಯಾರೂ ಕುದುರೆ ಹತ್ತುವುದಿಲ್ಲ, ಜಿಗಿತ ಕಲಿಸುವಾಗ ಎದೆ ಬೆನ್ನು ಕಾಯುವ ದಪ್ಪ ಕವಚವನ್ನೂ ತೊಡುತ್ತೇವೆ. ಪಾಠದ ಬಹುಪಾಲು ಹೊತ್ತು ನಾನು ನೆಲದ ಮೇಲೆಯೇ ನಿಂತಿರುತ್ತೇನೆ. ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ, ಅನ್ನ ಸಾರು ಮಾಡಿಕೊಳ್ಳುತ್ತಿದ್ದೇನೆ, ನಿದ್ದೆ ಚೆನ್ನಾಗಿ ಬರುತ್ತಿದೆ, ಒಂದು ನೆಗಡಿಯೂ ಆಗಿಲ್ಲ, ಮೈಕೈ ಗಟ್ಟಿಯಾಗಿದೆ. ಬಿಸಿಲಿಗೆ ಕಪ್ಪಾಗಿದ್ದೇನೆ ಅಷ್ಟೇ.

ನಾಳೆ ಇಲ್ಲಿ ಬ್ಯಾಂಕ್ ರಜೆಯಾದ್ದರಿಂದ ಬೆಳಿಗ್ಗೆಯಿಂದಲೇ ಮಕ್ಕಳು ಬರುತ್ತಾರೆ, ಈಗ ಸಂಜೆಯ ಮೇವು ಹಾಕುವ ಹೊತ್ತಾಯಿತು. ಅಪ್ಪನಿಗೂ ಅಮ್ಮನಿಗೂ ಸಾಷ್ಟಾಂಗ ನಮಸ್ಕಾರಗಳು, ಪುಟ್ಟಿಗೆ ಮುತ್ತು. ವೈದ್ಯರು ಹೇಳಿದ್ದನ್ನು ಅಂದೇ ತಿಳಿಸು, ಎಷ್ಟು ರಾತ್ರಿಯಾದರೂ ಸರಿ.

ಇಂತಿ ನಿನ್ನ ತಂಗಿ,
ಶುಭಾ